ಭಾರ ಹಾಕದ ಹೆಜ್ಜೆ

ಟ್ಯಾಪ್ ನೃತ್ಯದ ಮೊದಲ ಪಾಠ ಭಾರದ ಲೆಕ್ಕ. ಮೈಯ ತೂಕ ಈ ಕ್ಷಣ ಯಾವ ಕಾಲಿನ ಮೇಲಿದೆ, ಬಿಡುವಾಗಿರುವ ಕಾಲು ಯಾವುದು ಎನ್ನುವುದು ಸದಾ ಗೊತ್ತಿರಬೇಕು. ಮಂಡಿ ಸಡಿಲವಾಗಿರಬೇಕು, ಹಿಮ್ಮಡಿ ನೆಲಕ್ಕೆ ಅಂಟಬಾರದು, ನಿಂತ ಕಾಲಿನ ತೂಕ ಮುಂಗಾಲಿನ ಮೇಲಿರಬೇಕು. ಬಿಡುವಾಗಿರುವ ಕಾಲು ಮಂಡಿಯಿಂದ ಕೆಳಗೆ, ತಂತಿಯ ಮೇಲೆ ಹರವಿದ ಒದ್ದೆ ಬಟ್ಟೆಯಂತೆ ಜೋತಾಡಬೇಕು. ಆ ಜೋತಾಡುವ ಕಾಲಿನ ಮುಂಗಾಲನ್ನು ನೆಲಕ್ಕೆ ಸವರಿಕೊಂಡು ಮುಂದೆ ತೂರಿ, ಹಾಗೆಯೇ ಸವರಿಕೊಂಡು ಹಿಂದೆ ಎಳೆದುಕೊಂಡರೆ ಎರಡು ಸದ್ದು ಹುಟ್ಟುತ್ತವೆ. ಇದು ಷಫಲ್. ಮುಂದಕ್ಕೆ ಸವರಿ ಅಲ್ಲೇ ಕಾಲೂರಿಬಿಟ್ಟರೂ ಎರಡೇ ಸದ್ದು, ಆದರೆ ಅದು ಫ್ಲ್ಯಾಪ್. ಈಗ ತೂಕ ದಾಟಿಹೋಗಿರುತ್ತದೆ. ಒಂದು ಮುಂಗಾಲನ್ನು ಹಿಂದೆ ಕ್ಷಣಮಾತ್ರ ಊರಿ ತಕ್ಷಣ ಇನ್ನೊಂದು ಕಾಲಿಗೆ ಭಾರ ಬದಲಿಸಿದರೆ ಬಾಲ್ ಚೇಂಜ್. ಬಲ ಮುಂಗಾಲು, ಎಡ ಮುಂಗಾಲು, ಬಲ ಹಿಮ್ಮಡಿ, ಎಡ ಹಿಮ್ಮಡಿ ಎಂದು ಸರಸರನೆ ನಾಲ್ಕು ಸದ್ದು ಉರುಳಿಸಿದರೆ ಕ್ರ್ಯಾಂಪ್ ರೋಲ್. ದೂರದಲ್ಲಿ ಕುದುರೆ ಓಡಿದ ಹಾಗೆ ಕೇಳುತ್ತದೆ. ಟ್ಯಾಪ್ ಕಲಾವಿದರು ತಮ್ಮನ್ನು ‘ಹೂಫರ್’ ಎಂದು ಕರೆದುಕೊಳ್ಳುತ್ತಾರೆ. ಹೂಫ್ ಎಂದರೆ ಗೊರಸು.

ಇವೆಲ್ಲದರ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಜೋಡಿ ಹೆಜ್ಜೆ: ಸ್ಟ್ಯಾಂಪ್ ಮತ್ತು ಸ್ಟೊಂಪ್. ಎರಡರಲ್ಲೂ ಇಡೀ ಪಾದವನ್ನು ನೆಲಕ್ಕೆ ಬಡಿಯುವುದು. ಸದ್ದು ಹೆಚ್ಚುಕಡಿಮೆ ಒಂದೇ. ಸ್ಟ್ಯಾಂಪ್‌ನಲ್ಲಿ ಬಡಿದ ಕಾಲಿನ ಮೇಲೆ ಭಾರ ಹಾಕಬೇಕು, ಮುಂದಿನ ಹೆಜ್ಜೆಗೆ ಅಲ್ಲಿಂದಲೇ ಹೊರಡಬೇಕು. ಸ್ಟೊಂಪ್‌ನಲ್ಲಿ ಭಾರ ಹಾಕುವಂತಿಲ್ಲ. ಬಡಿದ ಕಾಲು ಮತ್ತೆ ಎತ್ತಲು ಸಿದ್ಧವಾಗಿಯೇ ಇರುತ್ತದೆ. ಕಣ್ಣುಮುಚ್ಚಿ ಕೇಳಿದರೆ ಒಂದೇ ಒಂದು ಸದ್ದಿನಿಂದ ಯಾವುದು ಯಾವುದೆಂದು ಹೇಳುವುದು ಕಷ್ಟ. ಮುಂದಿನ ಹೆಜ್ಜೆ ಬಂದಾಗಲಷ್ಟೇ ಗುಟ್ಟು ಬಯಲಾಗುತ್ತದೆ.

ನಾನು ಇದನ್ನು ಕಲಿಯುತ್ತಿರುವುದು ಮೈಸೂರಿನ ಹಾಸ್ಟೆಲ್ಲೊಂದರ ತಾರಸಿಯಲ್ಲಿ, ಒಂದು ಪ್ಲೈವುಡ್ ಹಲಗೆಯ ಮೇಲೆ. ಕಲಿಸುವವರು ನನಗಿಂತ ಹಿರಿಯ ಸಂಶೋಧಕಿ, ಹಾಸ್ಟೆಲ್ಲಿಗೆಲ್ಲ ಅಕ್ಕ. ಅಮೆರಿಕದಲ್ಲಿ ಓದುವಾಗ ಎರಡು ವರ್ಷ ಟ್ಯಾಪ್ ಕಲಿತವರು. ಅವರು ತಂದಿದ್ದ ಲೋಹದ ತಗಡುಗಳನ್ನು ನನ್ನ ಹಳೆಯ ಚರ್ಮದ ಶೂಗಳ ಅಟ್ಟೆಗೆ ಕೂರಿಸಿಕೊಟ್ಟ ಚಪ್ಪಲಿ ರಿಪೇರಿಯವರು, ‘ಎತ್ತಿಗೆ ಹೊಡೆಯೋ ಲಾಳ ಇದ್ದಂಗಿದೆಯಲ್ರೀ’ ಎಂದು ನಕ್ಕರು. ಹೂಫರ್ ಪದವನ್ನು ಅವರಷ್ಟು ಸಲೀಸಾಗಿ ಅನುವಾದಿಸಿದವರನ್ನು ನಾನು ನೋಡಿಲ್ಲ.

ಅಕ್ಕನ ಪಾಠಕ್ರಮ ಸರಳ. ‘ಕಾಲು ನೋಡಬೇಡ, ಕೇಳು. ನಾನು ಮಾಡಿದ ಹಾಗೇ ಮಾಡು.’ ಮಾಡಿದ ಹಾಗೇ ಮಾಡು ಎನ್ನುವ ಮಾತು ಪಿಎಚ್‌ಡಿ ವಿದ್ಯಾರ್ಥಿಯ ಕಿವಿಗೆ ವಿಚಿತ್ರವಾಗಿ ಬೀಳುತ್ತದೆ. ಹಗಲೆಲ್ಲ ನಾವು ಬದುಕುವುದು ಅದರ ತದ್ವಿರುದ್ಧ ನಿಯಮದಲ್ಲಿ. ಯುಜಿಸಿ 2018ರಲ್ಲಿ ಹೊರಡಿಸಿದ ಕೃತಿಚೌರ್ಯದ ನಿಯಮಾವಳಿಯ ಪ್ರಕಾರ ಪ್ರಬಂಧದಲ್ಲಿ ಹೋಲಿಕೆ ಶೇಕಡಾ 10ರ ಒಳಗಿದ್ದರೆ ದಂಡವಿಲ್ಲ, ಮೀರಿದರೆ ಹಂತಹಂತವಾಗಿ ಶಿಕ್ಷೆ. ಸಂಜೆ ಹಲಗೆಯ ಮೇಲೆ ನಿಂತರೆ ನನ್ನ ಹೋಲಿಕೆ ಶೇಕಡಾ 100 ಆಗಬೇಕೆಂಬುದೇ ಗುರಿ. ಕಲಿಕೆಯೆಂದರೆ ನಕಲು, ಇದರಲ್ಲೇನು ವಿಶೇಷ ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಟ್ಯಾಪ್‌ನ ಚರಿತ್ರೆಯನ್ನು ಓದುತ್ತ ಹೋದಂತೆ, ನಕಲು ಎಲ್ಲಿ ಮುಗಿದು ಕಳವು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆಯನ್ನು ಇಷ್ಟು ಕಾಲ, ಇಷ್ಟು ಗಂಭೀರವಾಗಿ ಮೈಮೇಲೆ ಎಳೆದುಕೊಂಡ ಕಲೆ ಇನ್ನೊಂದು ಇರಲಾರದು ಅನ್ನಿಸತೊಡಗಿತು.

1920 ಮತ್ತು 30ರ ದಶಕಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, ಲಫಾಯೆಟ್ ಥಿಯೇಟರಿನ ಬಳಿ, ಹೂಫರ್ಸ್ ಕ್ಲಬ್ ಎಂಬ ಒಂದು ಸಣ್ಣ ಕೋಣೆಯಿತ್ತು. ಕಪ್ಪು ಜನಾಂಗದ ಟ್ಯಾಪ್ ಕಲಾವಿದರು ಹಗಲು ರಾತ್ರಿ ಅಲ್ಲಿ ಸೇರುತ್ತಿದ್ದರು. ಗುರುವಿಲ್ಲ, ತರಗತಿಯಿಲ್ಲ, ಶುಲ್ಕವಿಲ್ಲ. ನೋಡಿ ಕದಿಯಬೇಕು, ಅವರು ಬಳಸುತ್ತಿದ್ದ ಪದವೇ ಕದಿಯುವುದು. ಆದರೆ ಆ ಕದಿಯುವಿಕೆಗೊಂದು ಬರೆಯದ ಕಟ್ಟಳೆಯಿತ್ತು: ಇನ್ನೊಬ್ಬನ ಹೆಜ್ಜೆಯನ್ನು ಇದ್ದದ್ದು ಇದ್ದಂತೆ ಎತ್ತಬಾರದು. ಎತ್ತಿದ ಮೇಲೆ ಅದಕ್ಕೆ ನಿನ್ನದೇನನ್ನಾದರೂ ಸೇರಿಸಬೇಕು. ಹೊಸ ಪ್ರದರ್ಶನ ಶುರುವಾದಾಗ ಲಫಾಯೆಟ್‌ನ ಮುಂದಿನ ಸಾಲುಗಳಲ್ಲಿ ಈ ಹೂಫರ್‌ಗಳೇ ಕೂತು, ತಮ್ಮ ಹೆಜ್ಜೆ ಯಾರ ಕಾಲಲ್ಲಾದರೂ ಕಾಣುತ್ತದೆಯೇ ಎಂದು ಕಾಯುತ್ತಿದ್ದರಂತೆ. ನಮ್ಮ ಸಾಫ್ಟ್‌ವೇರಿಗಿಂತ ಇದು ಭಯಂಕರ, ಜೊತೆಗೆ ಹೆಚ್ಚು ನ್ಯಾಯವಾದದ್ದು ಕೂಡ. ಕದ್ದವನನ್ನು ಹಿಡಿಯಲು ಕೂತವರು ಹೆಜ್ಜೆ ಕಟ್ಟಿದವರೇ.

ಈ ಕಟ್ಟಳೆಯೊಳಗಿನ ಮಹಾಚತುರ ಜಾನ್ ಬಬಲ್ಸ್. ಹಿಮ್ಮಡಿಯ ಪೆಟ್ಟನ್ನು ಲಯದೊಳಗೆ ತಂದು ಟ್ಯಾಪ್‌ನ ಶ್ರುತಿಯನ್ನೇ ಬದಲಿಸಿದವನು. 1935ರ ‘ಪೋರ್ಗಿ ಅಂಡ್ ಬೆಸ್’ನಲ್ಲಿ ಸ್ಪೋರ್ಟಿಂಗ್ ಲೈಫ್ ಪಾತ್ರ ಮಾಡಿದವನು. ಎಳೆಯ ವಯಸ್ಸಿನಲ್ಲಿ ಮೊದಲ ಸಲ ಆ ಕ್ಲಬ್ಬಿಗೆ ಹೋದಾಗ ಎಲ್ಲರೂ ಅವನನ್ನು ನಕ್ಕು ಓಡಿಸಿದ್ದರು. ಹಿಂತಿರುಗಿ ಬಂದಾಗ ಯಾರೂ ನಗಲಿಲ್ಲ. ಅವನ ಕದಿಯುವ ರೀತಿಯ ಬಗ್ಗೆ ಒಂದು ಕಥೆಯಿದೆ. ಯಾರೋ ಅಭ್ಯಾಸ ಮಾಡುತ್ತಿರುವಾಗ ಪಕ್ಕದಲ್ಲಿ ನಿಂತು, ‘ಅರೆ, ತಾಳ ತಪ್ಪಿತಲ್ಲ, ಇನ್ನೊಮ್ಮೆ ಮಾಡು’ ಅನ್ನುವಂಥ ಮಾತಾಡುತ್ತಿದ್ದನಂತೆ. ಆತ ಮತ್ತೆ ಮಾಡುತ್ತಿದ್ದ. ಇವನು ಮತ್ತೆ ತಡೆಯುತ್ತಿದ್ದ. ಎರಡು ಮೂರು ಸುತ್ತಿನಲ್ಲಿ ಹೆಜ್ಜೆ ಇವನ ಕಾಲಿಗೆ ಬಂದಿರುತ್ತಿತ್ತು. ಆಮೇಲೆ, ಇದನ್ನು ನೋಡಿದರೆ ನನ್ನದೊಂದು ಹಳೆಯ ಹೆಜ್ಜೆ ನೆನಪಾಗುತ್ತದೆ ಎಂದು ಅದರದೇ ಎರಡು ಮೂರು ರೂಪಾಂತರಗಳನ್ನು ಕುಣಿದು ತೋರಿಸುತ್ತಿದ್ದ. ಕಳಕೊಂಡವನಿಗೆ ಸಿಟ್ಟು ಬರುವ ಬದಲು ಹೆಮ್ಮೆಯಾಗುತ್ತಿತ್ತಂತೆ. ನನಗೆ ಈ ಕಥೆ ಇಷ್ಟ. ಇಲ್ಲಿ ಕದ್ದವನೂ ಕಳಕೊಂಡವನೂ ಒಂದೇ ಕೋಣೆಯಲ್ಲಿದ್ದಾರೆ, ಇಬ್ಬರ ಹೊಟ್ಟೆಪಾಡೂ ಒಂದೇ, ಇಬ್ಬರಿಗೂ ಅದೇ ವೇದಿಕೆಗಳು ತೆರೆದಿವೆ ಅಥವಾ ಮುಚ್ಚಿವೆ. ನಾಳೆ ಇವನಿಂದ ಅವನು ಕದಿಯಬಹುದು. ಸಮಾನರ ನಡುವಿನ ಕಳವಿಗೆ ಕೊಡುಕೊಳ್ಳುವಿಕೆ ಎಂದು ಹೆಸರು.

ಕಾನೂನಿನ ಕಣ್ಣು ಬೇರೆ. ಬಿಲ್ ರಾಬಿನ್ಸನ್, ಜನ ಬೋಜಾಂಗಲ್ಸ್ ಎಂದು ಕರೆಯುತ್ತಿದ್ದ ಮಹಾನ್ ಕಲಾವಿದ, ಮರದ ಅಟ್ಟೆಯ ಶೂ ತೊಟ್ಟು ಮೆಟ್ಟಿಲುಗಳ ಮೇಲೆ ಹತ್ತಿ ಇಳಿದು ಕುಣಿಯುವ ತನ್ನ ಪ್ರಸಿದ್ಧ ನೃತ್ಯಕ್ಕೆ ಪೇಟೆಂಟ್ ಪಡೆಯಲು ಪ್ರಯತ್ನಿಸಿ ಸೋತ. ಅವನಿಗಿಂತ ಮೊದಲೂ ಮೆಟ್ಟಿಲ ಮೇಲೆ ಕುಣಿದವರಿದ್ದರು ಎಂಬ ತಕರಾರು ಇದ್ದೇ ಇತ್ತು. ಅಮೆರಿಕದ 1976ರ ಹಕ್ಕುಸ್ವಾಮ್ಯ ಕಾಯ್ದೆ ನೃತ್ಯಸಂಯೋಜನೆಯನ್ನು ರಕ್ಷಿಸುತ್ತದೆ, ಬಿಡಿ ಹೆಜ್ಜೆಗಳನ್ನಲ್ಲ. ಹೆಜ್ಜೆ ಪದದಂತೆ, ಸಂಯೋಜನೆ ವಾಕ್ಯದಂತೆ. ಪದಕ್ಕೆ ಒಡೆಯರಿರುವುದಿಲ್ಲ ಎನ್ನುವುದು ಇದರ ಹಿಂದಿನ ತರ್ಕ. ಒಪ್ಪಬಹುದಾದ ತರ್ಕವೇ. ಷಫಲ್‌ಗೆ ಒಡೆಯನಿದ್ದರೆ ನಾನು ಕಲಿಯುವುದು ಹೇಗೆ? ಹಾಗಾದರೆ ಕಲಿಯುವವರಿಗೆ ಚಿಂತೆಯಿಲ್ಲ, ಪದಗಳಷ್ಟೇ ನಮ್ಮ ಪಾಲು ಎಂದು ಹಗುರಾಗಬಹುದಿತ್ತು. ನನಗೆ ಹಾಗೆ ಹಗುರಾಗಲು ಆಗಲಿಲ್ಲ. ಅದಕ್ಕೆ ಕಾರಣ ವಿಲಿಯಂ ಹೆನ್ರಿ ಲೇನ್.

ಲೇನ್‌ನ ವೇದಿಕೆಯ ಹೆಸರು ಮಾಸ್ಟರ್ ಜೂಬಾ. 1840ರ ದಶಕ. ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಎಂಬ ಬಡಜನರ ಕೇರಿಯಲ್ಲಿ ಐರಿಷ್ ವಲಸಿಗರೂ ಕಪ್ಪು ಜನರೂ ಗೋಡೆಗೆ ಗೋಡೆ ತಾಗಿಸಿಕೊಂಡು ಬದುಕುತ್ತಿದ್ದರು; ಐರಿಷ್ ಜಿಗ್ ಮತ್ತು ಆಫ್ರಿಕಾ ಮೂಲದ ಕುಣಿತಗಳು ಅಲ್ಲಿ ಒಂದರ ಕಾಲು ಒಂದು ತುಳಿಯುತ್ತ ಬೆರೆತವು. 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಆ ಕೇರಿಯಲ್ಲಿ ಒಬ್ಬ ಕಪ್ಪು ಹುಡುಗನ ಕುಣಿತ ನೋಡಿ ಬೆರಗಾಗಿ ತನ್ನ ಪ್ರವಾಸ ಕಥನದಲ್ಲಿ ಬರೆದ. ಹೆಸರು ಮಾತ್ರ ಬರೆಯಲಿಲ್ಲ. ಆ ಹುಡುಗ ಲೇನ್ ಎಂದು ಚರಿತ್ರೆಕಾರರು ಗುರುತಿಸುತ್ತಾರೆ. ಆ ಹೊತ್ತಿಗೆ ಬಿಳಿಯ ನಟರು ಸುಟ್ಟ ಬೆಂಡಿನ ಮಸಿಯನ್ನು ಮುಖಕ್ಕೆ ಬಳಿದುಕೊಂಡು ಕಪ್ಪು ಜನರಂತೆ ಹಾಡಿ ಕುಣಿಯುವ ‘ಮಿನ್‌ಸ್ಟ್ರೆಲ್’ ಪ್ರದರ್ಶನಗಳು ಅಮೆರಿಕದ ಅಚ್ಚುಮೆಚ್ಚಿನ ಮನರಂಜನೆಯಾಗಿದ್ದವು. ಲೇನ್ ಆ ಪ್ರದರ್ಶನಗಳಲ್ಲಿ ಸೇರಿದ. ಅವನ ದೊಡ್ಡ ಆಕರ್ಷಣೆ ‘ಅನುಕರಣೆಯ ನೃತ್ಯ’. ದೇಶದ ಪ್ರಸಿದ್ಧ ಮಿನ್‌ಸ್ಟ್ರೆಲ್ ನರ್ತಕರೆಲ್ಲರನ್ನೂ ಒಬ್ಬೊಬ್ಬರಾಗಿ ಅನುಕರಿಸಿ, ಕೊನೆಯಲ್ಲಿ ತನ್ನನ್ನು ತಾನೇ ಅನುಕರಿಸಿ ತೋರಿಸುತ್ತಾನೆ ಎಂದು ಆ ಕಾಲದ ಕರಪತ್ರ ಸಾರುತ್ತಿತ್ತು.

ಈ ವಿವರವನ್ನು ಮೊದಲು ಓದಿದ ದಿನ ನಾನು ಬೇರೇನನ್ನೂ ಓದಲಿಲ್ಲ. ಕಪ್ಪು ಜನರ ಕುಣಿತವನ್ನು ಬಿಳಿಯರು ನಕಲು ಮಾಡುತ್ತಾರೆ. ಆ ನಕಲನ್ನು ಒಬ್ಬ ಕಪ್ಪು ಕಲಾವಿದ ನಕಲು ಮಾಡಬೇಕು. ಅದೆಲ್ಲ ಮುಗಿದ ಮೇಲೆ ತನ್ನ ಸ್ವಂತ ಕುಣಿತಕ್ಕೆ ಸರದಿ ಬಂದಾಗ, ಅದನ್ನೂ ಅನುಕರಣೆಯೆಂಬ ಹೆಸರಿನಲ್ಲೇ ಪ್ರೇಕ್ಷಕರ ಮುಂದಿಡಬೇಕು. 1848ರಲ್ಲಿ ಲಂಡನ್ನಿಗೆ ಹೋದಾಗ ಅವನನ್ನು ‘ಬಾಜ್‌ನ ಜೂಬಾ’ ಎಂದು ಜಾಹೀರಾತು ಮಾಡಿದರು. ಬಾಜ್ ಎನ್ನುವುದು ಡಿಕನ್ಸ್‌ನ ಬರಹದ ಹೆಸರು. ಲೇಖಕ ಹೆಸರಿಸದೆ ಬಿಟ್ಟ ಕಲಾವಿದನನ್ನು ಲೋಕ ಆ ಲೇಖಕನ ಹೆಸರಿನಿಂದಲೇ ಗುರುತಿಸಿತು! ಲೇನ್ ಮತ್ತೆ ಅಮೆರಿಕಕ್ಕೆ ಮರಳಲಿಲ್ಲ. ಎಳೆಯ ವಯಸ್ಸಿನಲ್ಲೇ ಇಂಗ್ಲೆಂಡಿನಲ್ಲಿ ತೀರಿಕೊಂಡ.

ಮಸಿ ಬಳಿದುಕೊಂಡ ನರ್ತಕ ಮಾಡಿದ ತಪ್ಪು ಏನು? ಹೆಜ್ಜೆಯನ್ನು ಕಲಿತದ್ದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಂದರೆ ನಾನೂ ಹಲಗೆಯಿಂದ ಇಳಿಯಬೇಕಾಗುತ್ತದೆ. ಕೆಲವರು ಬಹಳ ಚೆನ್ನಾಗಿಯೇ ಕಲಿತಿದ್ದರು. ಎಲ್ಲ ಕಲೆಗಳೂ ಬೆರಕೆ, ಟ್ಯಾಪ್ ಅಂತೂ ಹುಟ್ಟಾ ಬೆರಕೆ, ಇದರಲ್ಲಿ ನಿನ್ನದು ನನ್ನದು ಎಲ್ಲಿ ಎಂಬ ವಾದವನ್ನು ನಾನು ಅರ್ಧ ಒಪ್ಪುತ್ತೇನೆ. ಆರಂಭದ ಪಾಠಗಳಲ್ಲೇ ‘ಐರಿಷ್’ ಎಂಬ ಹೆಸರಿನ ಹೆಜ್ಜೆಯೊಂದಿದೆ: ಷಫಲ್, ಹಾಪ್, ಸ್ಟೆಪ್. ಆ ಜನರ ಗುರುತು ಕಾಲಿನಲ್ಲಿ ಉಳಿದಿದೆ. ಆದರೆ ಬೆರೆತದ್ದು ಹೆಜ್ಜೆಗಳು ಮಾತ್ರ. ರಾತ್ರಿ ಪ್ರದರ್ಶನ ಮುಗಿದ ಮೇಲೆ ಒಬ್ಬ ಮುಖ ತೊಳೆದುಕೊಂಡು ಮನೆಗೆ ಹೋಗಬಲ್ಲ. ಇನ್ನೊಬ್ಬನಿಗೆ ತೊಳೆದು ಹೋಗುವಂಥದ್ದೇನೂ ಇಲ್ಲ. ಸ್ಟ್ಯಾಂಪ್ ಮತ್ತು ಸ್ಟೊಂಪ್‌ಗಳ ವ್ಯತ್ಯಾಸ ನನಗೆ ಇಲ್ಲಿ ಉಪಯೋಗಕ್ಕೆ ಬಂತು. ಆ ನರ್ತಕ ಸದ್ದನ್ನು ತೆಗೆದುಕೊಂಡ, ಭಾರ ಹಾಕಲಿಲ್ಲ. ಬಡಿದ ಕಾಲನ್ನು ಎತ್ತಿಕೊಳ್ಳುವ ಸ್ವಾತಂತ್ರ್ಯವನ್ನು ತನ್ನಲ್ಲೇ ಇಟ್ಟುಕೊಂಡ.

ಇದು ಹಳೆಯ ಕಾಲದ ಒರಟುತನ ಎಂದು ಬಿಡುವಂತೆಯೂ ಇಲ್ಲ. 1936ರ ‘ಸ್ವಿಂಗ್ ಟೈಮ್’ ಚಿತ್ರದಲ್ಲಿ ಫ್ರೆಡ್ ಅಸ್ಟೇರ್ ಮುಖಕ್ಕೆ ಕಪ್ಪು ಬಳಿದುಕೊಂಡು ‘ಬೋಜಾಂಗಲ್ಸ್ ಆಫ್ ಹಾರ್ಲೆಮ್’ ಎಂಬ ನೃತ್ಯ ಮಾಡುತ್ತಾನೆ. ಅವನ ಹಿಂದೆ ಮೂರು ದೈತ್ಯ ನೆರಳುಗಳು ಕುಣಿಯುತ್ತವೆ. ಸಿನಿಮಾ ಇತಿಹಾಸದ ಅದ್ಭುತ ನೃತ್ಯಗಳಲ್ಲಿ ಅದೊಂದು, ನೋಡುವಾಗ ಮೈ ಮುದುಡಿಸುವಂಥದ್ದೂ ಹೌದು. ಹೆಸರಿನಲ್ಲಿ ಅದು ಬಿಲ್ ರಾಬಿನ್ಸನ್‌ಗೆ ಸಲ್ಲಿಸಿದ ಗೌರವ. ಆದರೆ ನೃತ್ಯದ ಗತ್ತು, ವೇಷ, ಹಿಮ್ಮಡಿಯ ಬಳಕೆ ಜಾನ್ ಬಬಲ್ಸ್‌ಗೆ ಹತ್ತಿರ ಎಂದು ಟ್ಯಾಪ್ ಬಲ್ಲವರು ಹೇಳುತ್ತಾರೆ. ಅಂದರೆ ಉಲ್ಲೇಖ ಇದೆ, ತಪ್ಪು ಹೆಸರಿಗೆ ಇದೆ. ಇಂಥ ಅಡಿಟಿಪ್ಪಣಿ ನನ್ನ ಪ್ರಬಂಧದಲ್ಲಿದ್ದರೆ ಮಾರ್ಗದರ್ಶಕರು ಕೆಂಪು ಶಾಯಿಯಲ್ಲಿ ಸುತ್ತು ಹಾಕುತ್ತಿದ್ದರು.

ಅಡಿಟಿಪ್ಪಣಿ ಎಂಬ ಪದದಲ್ಲೇ ಅಡಿ ಇದೆ, ಪಾದ ಇದೆ. ಹೆಜ್ಜೆಗಳಿಗೂ ಅಡಿಟಿಪ್ಪಣಿಗಳುಂಟು. ಮ್ಯಾಕ್ಸಿ ಫೋರ್ಡ್ ಎಂಬ ಹೆಜ್ಜೆ ಮ್ಯಾಕ್ಸ್ ಫೋರ್ಡ್ ಎಂಬ ವಾಡೆವಿಲ್ ನರ್ತಕನ ಹೆಸರನ್ನು ಇಟ್ಟುಕೊಂಡಿದೆ. ಹಾಗೆ ಹೆಸರು ಉಳಿದದ್ದು ಅದೃಷ್ಟವಂತರದು. ಅದಕ್ಕೂ ಹಿಂದೆ ಹೋದರೆ ಹೆಸರುಗಳೇ ಸಿಗುವುದಿಲ್ಲ. 1739ರಲ್ಲಿ ದಕ್ಷಿಣ ಕೆರೊಲಿನಾದ ಸ್ಟೋನೊ ನದಿಯ ಬಳಿ ಗುಲಾಮರು ಡೋಲು ಬಾರಿಸುತ್ತ ದಂಗೆಯೆದ್ದರು. ಮರುವರ್ಷ ಬಂದ ಕಾಯ್ದೆ ಗುಲಾಮರ ಕೈಯಿಂದ ಡೋಲು, ಕೊಂಬುಗಳನ್ನು ಕಿತ್ತುಕೊಂಡಿತು. ಡೋಲು ಹೋದ ಮೇಲೆ ಲಯ ಕಾಲಿಗೆ ಇಳಿಯಿತು, ಅದೇ ಟ್ಯಾಪ್ ಎಂದು ಅನೇಕರು ಹೇಳುತ್ತಾರೆ. ಒಂದು ಪ್ರಾಂತದ ಒಂದು ಕಾಯ್ದೆಯಿಂದ ಒಂದು ನೃತ್ಯ ಹುಟ್ಟಿತೆನ್ನುವುದು ತೀರಾ ನೇರವಾದ ಕಥೆ. ಚರಿತ್ರೆ ಅಷ್ಟು ಅಚ್ಚುಕಟ್ಟಾಗಿ ನಡೆಯುವುದಿಲ್ಲ. ಆದರೆ ಡೋಲಿಲ್ಲದ ಜನ ತೊಡೆ, ಎದೆ, ಅಂಗೈ, ಅಂಗಾಲುಗಳನ್ನೇ ವಾದ್ಯ ಮಾಡಿಕೊಂಡದ್ದು ನಿಜ. ‘ಪ್ಯಾಟಿಂಗ್ ಜೂಬಾ’ ಎಂದು ಅದಕ್ಕೆ ಹೆಸರು. ಲೇನ್‌ನ ಹೆಸರಿನ ಜೂಬಾ ಬಂದದ್ದೂ ಆ ಕಡೆಯಿಂದಲೇ. ಆ ಜನರಲ್ಲಿ ಒಬ್ಬರ ಹೆಸರನ್ನಾದರೂ ನನ್ನ ಷಫಲ್‌ನ ಕೆಳಗೆ ಬರೆಯುವ ದಾರಿ ಇಲ್ಲ.

ಚಿಕ್ಕವಳಿದ್ದಾಗ ನಾನು ಐದು ವರ್ಷ ಭರತನಾಟ್ಯ ಕಲಿತೆ. ತಟ್ಟಡವಿನಿಂದ ಶುರು, ಅರೆಮಂಡಿಯಲ್ಲಿ ಕೂತು ಇಡೀ ಅಂಗಾಲನ್ನು ನೆಲಕ್ಕೆ ತಟ್ಟುವುದು. ಅಲ್ಲೂ ಗುರುಗಳು ಮಾಡಿದ ಹಾಗೇ ಮಾಡಬೇಕಿತ್ತು. ಕಲಿಯುವ ಮೊದಲು ಭೂಮಿಗೆ ನಮಸ್ಕಾರ, ಗುರುವಿಗೆ ನಮಸ್ಕಾರ. ಆ ಅಡವುಗಳನ್ನು ತಲೆಮಾರುಗಳ ಕಾಲ ಕಾಲಲ್ಲಿ ಕಾಪಾಡಿಕೊಂಡು ಬಂದ ದೇವದಾಸಿ ಹೆಂಗಸರ ಬಗ್ಗೆ ಒಂದು ಮಾತು ಆ ಐದು ವರ್ಷಗಳಲ್ಲಿ ನಾನು ಕೇಳಲಿಲ್ಲ. 1947ರ ಮದರಾಸು ಕಾಯ್ದೆ ಅವರು ದೇವಾಲಯಗಳಲ್ಲಿ ಕುಣಿಯುವುದನ್ನು ನಿಷೇಧಿಸುವ ಹೊತ್ತಿಗೆ ಅವರ ಅಡವುಗಳು ಮರ್ಯಾದಸ್ಥ ಮನೆಗಳ ಮಕ್ಕಳ ಕಾಲಿಗೆ ಬಂದು ಸೇರಿದ್ದವು. ದೇವದಾಸಿ ಪದ್ಧತಿಯ ಕ್ರೌರ್ಯ ಬೇರೆಯೇ ಮಾತು; ಅದನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ. ಆದರೆ ಹೆಜ್ಜೆ ಉಳಿದು, ಹೆಜ್ಜೆ ಹಾಕುತ್ತಿದ್ದವಳನ್ನು ವೇದಿಕೆಯಿಂದ ಇಳಿಸಲಾಯಿತು ಎನ್ನುವುದು ನನಗೆ ಹೊಳೆಯಲು, ಅಮೆರಿಕದ ಒಂದು ನೃತ್ಯದ ಚರಿತ್ರೆಯನ್ನು ಓದಬೇಕಾಯಿತು. ಸಾಲವೆಲ್ಲ ಎದುರಿಗಿರುವ ಗುರುವಿಗೇ ಸಂದಾಯವಾಗಿಬಿಟ್ಟರೆ, ಅವರ ಹಿಂದೆ ನಿಂತವರ ಲೆಕ್ಕ ಯಾರ ಪುಸ್ತಕದಲ್ಲೂ ಬರುವುದಿಲ್ಲ.

ಋಷಿಋಣ ತೀರುವುದು ಕಲಿತದ್ದನ್ನು ಇನ್ನೊಬ್ಬರಿಗೆ ಕಲಿಸಿದಾಗ ಎಂದು ನಮ್ಮವರು ಹೇಳುತ್ತಾರೆ. ಚೆಂದದ ಮಾತು. ಸಾಲವನ್ನು ಹಿಂದಕ್ಕೆ ಕೊಡಲಾಗದಿದ್ದರೆ ಮುಂದಕ್ಕೆ ಕೊಡು. ಅಕ್ಕ ನನ್ನಿಂದ ಒಂದು ಪೈಸೆ ಮುಟ್ಟದೆ ಕಲಿಸುವುದೂ ಈ ನಂಬಿಕೆಯಿಂದಲೇ. ನನಗಿರುವ ಅನುಮಾನ ಒಂದೇ: ಮುಂದಕ್ಕೆ ಕೊಡುತ್ತ ಹೋಗುವ ಸಾಲದಲ್ಲಿ ಮೂಲದವರಿಗೆ ಎಂದೂ ಏನೂ ಸೇರುವುದಿಲ್ಲ. ಮಿನ್‌ಸ್ಟ್ರೆಲ್ ಹಾಡು ಕುಣಿತಗಳೂ ಊರೂರಿನ ಹವ್ಯಾಸಿ ತಂಡಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೀಗೆಯೇ ಪ್ರೀತಿಯಿಂದ ಹರಿದುಬಂದವು. ಇದನ್ನು ಹೇಳಿದಾಗ ಅಕ್ಕ, ‘ಹಾಗಾದರೆ ಏನು ಮಾಡಬೇಕು ಅಂತೀಯ? ಕಲಿಯೋದು ಬಿಡಬೇಕಾ?’ ಎಂದು ಕೇಳಿದರು. ಬಿಡುವುದು ಉತ್ತರವಲ್ಲ. ಬಿಟ್ಟರೆ ಅದೂ ಕಾಲೆತ್ತಿಕೊಂಡಂತೆಯೇ.

ಹೂಫರ್ಸ್ ಕ್ಲಬ್ಬಿನ ಕಟ್ಟಳೆ ಕಲಿಯುವವರಿಗೆ ನೇರವಾಗಿ ಅನ್ವಯಿಸದು. ಅದು ಬದಲಿಸು ಅನ್ನುತ್ತದೆ, ನನಗಿನ್ನೂ ಬದಲಿಸುವಷ್ಟು ಬಂದಿಲ್ಲ. ಬಾರದವರಿಗೆಂದೇ ಆ ಪರಂಪರೆ ಇನ್ನೊಂದನ್ನು ಇಟ್ಟಿದೆ: ಷಿಮ್ ಷಾಮ್. 1920ರ ದಶಕದ ಕೊನೆಯ ವರ್ಷಗಳಲ್ಲಿ ಲೆನರ್ಡ್ ರೀಡ್ ಮತ್ತು ವಿಲ್ಲಿ ಬ್ರಯಂಟ್ ಕಟ್ಟಿದ್ದೆಂದು ಹೇಳುವ, 32 ಬಾರ್‌ಗಳ ಪುಟ್ಟ ನೃತ್ಯ. ಬಿಡಿ ಹೆಜ್ಜೆಗಳು ಅದಕ್ಕೂ ಹಿಂದಿನವು. ಇದನ್ನು ಮಾತ್ರ ಇದ್ದಂತೆಯೇ ಮಾಡಬಹುದು. ಟ್ಯಾಪ್ ಕಾರ್ಯಕ್ರಮಗಳು ಮುಗಿಯುವಾಗ ಎಲ್ಲರನ್ನೂ ವೇದಿಕೆಗೆ ಕರೆಯುತ್ತಾರೆ. ಐವತ್ತು ವರ್ಷ ಕುಣಿದವರು, ನಿನ್ನೆ ಶೂ ಕೊಂಡವರು ಒಂದೇ ಸಾಲಿನಲ್ಲಿ ನಿಂತು ಇದನ್ನು ಮಾಡುತ್ತಾರೆ. ಕಳ್ಳತನದ ಬಗ್ಗೆ ಅಷ್ಟು ಕಟ್ಟುನಿಟ್ಟಾದ ಜನ ಒಂದು ನೃತ್ಯವನ್ನು ಬೇಲಿಯಿಲ್ಲದ ಗೋಮಾಳದ ಹಾಗೆ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ. ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೂ ಬಿಟ್ಟದ್ದನ್ನು ಎತ್ತಿಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಷಿಮ್ ಷಾಮ್ ಕೊಟ್ಟದ್ದು. ಅದು ಶುರುವಾಗುವುದು ಸ್ಟೊಂಪ್‌ನಿಂದ. ಮೊದಲ ಸದ್ದಿಗೆ ಭಾರವಿಲ್ಲ. ಎರಡನೆಯದು ಹಿಂದಕ್ಕೆ ಸವರುವುದು. ಮೂರನೆಯ ಸದ್ದಿಗೆ ಕಾಲೂರಬೇಕು.

ನನಗೆ ಈಗ ಮೊದಲ ಎಂಟು ಬಾರ್ ನೆಟ್ಟಗೆ ಬರುತ್ತದೆ. ಎರಡನೆಯ ಎಂಟರಲ್ಲಿ ಕಾಲು ಅಡ್ಡ ಹಾಕುವಾಗ ಭಾರದ ಲೆಕ್ಕ ತಪ್ಪುತ್ತದೆ, ಅಕ್ಕ ನಾಲಿಗೆಯಲ್ಲಿ ಲೊಚಗುಟ್ಟುತ್ತಾರೆ. ಕಲಿತ ಹೆಜ್ಜೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ: ಎಡಕ್ಕೆ ಹೆಜ್ಜೆ, ನಡುವೆ ಸದ್ದುಗಳ ಎಣಿಕೆ, ಬಲಕ್ಕೆ ಯಾರಿಂದ ಬಂತು ಎಂಬುದು. ಮ್ಯಾಕ್ಸಿ ಫೋರ್ಡ್‌ನ ಎದುರು ಒಬ್ಬನ ಹೆಸರಿದೆ. ಐರಿಷ್‌ನ ಎದುರು ಒಂದು ಜನಾಂಗದ್ದಿದೆ. ಷಿಮ್ ಷಾಮ್‌ನ ಎದುರು ಇಬ್ಬರದಿದೆ. ಬಲಗಡೆಯ ಕಾಲಂನಲ್ಲಿ ಎಲ್ಲ ಕಡೆಯೂ ಕೊನೆಗೆ ಅಕ್ಕನ ಹೆಸರು ಇದ್ದೇ ಇದೆ. ಷಫಲ್‌ನ ಎದುರು ಅವರ ಹೆಸರಿಗೆ ಮೊದಲು ಎರಡು ಸಾಲಿನಷ್ಟು ಜಾಗ ಖಾಲಿ ಬಿಟ್ಟಿದ್ದೇನೆ.